ಮೂರನೆಯ ಬೆರಳು ಹಿಡಿಸದ ಬಾಯಿ

ಕೆಲವರಿಗೆ ಇಸ್ಪೀಟಿನ ಚಟ ಇರುತ್ತದೆ, ಕೆಲವರಿಗೆ ನಾಟಕದ ಚಟ. ನನಗಿರುವುದು ಮಂದಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಚಟ. ನಗಬೇಡಿ. ನಮ್ಮ ಗದಗ-ಬೆಟಗೇರಿ ಕಡೆ ಯಾರೂ ಒಬ್ಬರೇ ದವಾಖಾನೆಗೆ ಹೋಗುವುದಿಲ್ಲ. ರೋಗಿಯ ಜೊತೆಗೆ ಮಾತಾಡಲು ಒಬ್ಬ ಬೇಕೇ ಬೇಕು. ರೋಗಿಯ ಕೆಲಸವೇನಿದ್ದರೂ ಸ್ಟೂಲಿನ ಮೇಲೆ ಕುಳಿತು ಮುಖ ಸಣ್ಣದು ಮಾಡುವುದು. ಏನಾಗಿದೆ, ಎಂದಿನಿಂದ ಆಗಿದೆ, ಹಿಂದಿನ ದಿನ ಏನು ಉಂಡಿದ್ದ, ಅವರಪ್ಪನಿಗೂ ಇದೇ ಆಗಿತ್ತೇ ಎಂಬುದನ್ನೆಲ್ಲ ಹೇಳಬೇಕಾದವನು ಜೊತೆಗೆ ಬಂದವನು. ಈ ವಿದ್ಯೆಯಲ್ಲಿ ಬೆಟಗೇರಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ. ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ. ಒಮ್ಮೆ ಕಳಸಾಪುರದ ಒಬ್ಬರ ಮೂಲವ್ಯಾಧಿಯನ್ನು ಎಷ್ಟು ಮನಮುಟ್ಟುವಂತೆ ಬಣ್ಣಿಸಿದೆನೆಂದರೆ, ಡಾಕ್ಟರು ಅವರನ್ನು ಬಿಟ್ಟು ನನ್ನನ್ನೇ ಪರದೆಯ ಹಿಂದೆ ಹೋಗಿ ಮಲಗಲು ಹೇಳಿದರು.

ಹೊಟ್ಟೆಪಾಡಿನ ಕೆಲಸವೂ ಹೆಚ್ಚುಕಡಿಮೆ ಇಂಥದ್ದೇ, ಮಂದಿಯ ತಪ್ಪು ಹುಡುಕುವುದು. ನಾವು ಬೆಟಗೇರಿಯ ನೇಕಾರರು. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ ಮುದುಕನಾದ. ನಾನು ನೇಕಾರರ ಸಂಘವೊಂದರಲ್ಲಿ ಮೇಜಿನ ಹಿಂದೆ ಕುಳಿತು, ನೇಯ್ದು ತಂದ ಸೀರೆಗಳನ್ನು ಬೆಳಕಿಗೆ ಹಿಡಿದು ನೋಡಿ ಪಾಸು, ನಾಪಾಸು ಹೇಳುವವನು. ಎಲ್ಲಿ ಎಳೆ ಹರಿದಿದೆ, ಎಲ್ಲಿ ಬಣ್ಣ ಕೂಡಿಲ್ಲ ಎಂದು ಹೇಳಲು ಐದು ನಿಮಿಷ ಸಾಕು. ಸೀರೆಯಂಚಿನ ದಡಿಯ ಬಿಗಿ ನೋಡಿ, ಆ ದಿನ ನೇಯ್ದವರ ಮನೆಯಲ್ಲಿ ಜಗಳವಾಗಿತ್ತೇ ಎಂಬುದನ್ನೂ ಹೇಳಿದ್ದುಂಟು. ಇಂಥ ಕೆಲಸದಲ್ಲಿ ಎದುರು ನಿಂತವರ ಜೊತೆ ಮಾತು ನಿಲ್ಲಬಾರದು, ಬಾಯೊಳಗಿನ ಎಲೆ ಅಡಿಕೆಯೂ ನಿಲ್ಲಬಾರದು. ಅದಕ್ಕಾಗಿ ಎಡಗಲ್ಲಕ್ಕೆ ಅಡಿಕೆ, ಬಲಗಡೆಗೆ ಮಾತು ಎಂದು ನನ್ನ ಬಾಯಿಯನ್ನು ಅಣ್ಣತಮ್ಮಂದಿರ ಹೊಲದ ಹಾಗೆ ಪಾಲು ಮಾಡಿಟ್ಟಿದ್ದೆ. ಅಡಿಕೆಯ ಜೊತೆ ಒಂದು ಚಿಟಿಕೆ ತಂಬಾಕೂ ಇರುತ್ತಿತ್ತು. ಬರೀ ಚಿಟಿಕೆ ಇದ್ದದ್ದನ್ನು ಚಟ ಎಂದು ಕರೆಯಲು ನನಗೆ ಎಂದೂ ಮನಸ್ಸು ಬಂದಿರಲಿಲ್ಲ.

ಇಂಥ ನನ್ನ ಮನೆಯಲ್ಲಿ ಒಂದು ವರ್ಷದಿಂದ ಖಾರದ ತಕರಾರು ನಡೆದಿತ್ತು. ಸರೋಜಾ, ಅಂದರೆ ನನ್ನ ಹೆಂಡತಿ, ಏನು ಮಾಡಿ ಹಾಕಿದರೂ ಬಾಯಿಗೆ ಬೆಂಕಿ ಇಟ್ಟ ಹಾಗಾಗುತ್ತಿತ್ತು. ಎಣ್ಣೆಗಾಯಿ ಖಾರ, ಪುಂಡಿಪಲ್ಯ ಖಾರ, ಶೇಂಗಾ ಚಟ್ನಿಯನ್ನಂತೂ ಮುಟ್ಟುವ ಹಾಗೇ ಇಲ್ಲ. ಹಸಿಮೆಣಸಿನಕಾಯಿಯನ್ನು ರೊಟ್ಟಿಯ ಜೊತೆ ಕಟಕಟ ಕಡಿದು ಬೆಳೆದ ಮನುಷ್ಯ ನಾನು. ಅಂದ ಮೇಲೆ ತಪ್ಪು ನನ್ನ ಬಾಯಿಯದು ಹೇಗಾದೀತು? ಖಾರಪುಡಿಯದೇ ತಪ್ಪು ಎಂದು ತೀರ್ಮಾನ ಕೊಟ್ಟೆ. ಪಾಪ, ಸರೋಜಾ ಒಂದಲ್ಲ ಮೂರು ಸಲ ಬೇರೆ ಬೇರೆ ಮೆಣಸಿನಕಾಯಿ ತಂದು ಕುಟ್ಟಿಸಿದಳು. ಖಾರ ಇಳಿಯಲಿಲ್ಲ. ಕಡೆಗೊಂದು ದಿನ ನಾನು ತಾಟು ಸರಿಸಿ ಸಿಟ್ಟು ಮಾಡಿದಾಗ ಅವಳು ಸೆರಗು ಸಿಗಿಸಿಕೊಂಡು ಎದುರಿಗೆ ಬಂದು ನಿಂತಳು.

"ಇವತ್ತ ಖಾರ ಹಾಕೇ ಇಲ್ರಿ. ಬರೇ ಬ್ಯಾಳಿ, ಉಪ್ಪು, ಅರಿಷಿಣ."

"ಹಂಗಾರ ಅರಿಷಿಣ ಖಾರ ಐತಿ," ಎಂದೆ. ಸೋಲುವ ಪೈಕಿ ಅಲ್ಲ ನಾನು.

ಮನೆಯ ಹೊರಗೂ ಇದೇ ಗೋಳು. ಗದಗಿನಲ್ಲಿ ಹುಟ್ಟಿ ಮಿರ್ಚಿ ಬಜಿ ಬಿಟ್ಟವನನ್ನು ಮನುಷ್ಯರ ಸಾಲಿಗೆ ಸೇರಿಸುವುದಿಲ್ಲ. ಸಂಘದಿಂದ ಮನೆಗೆ ಬರುವ ದಾರಿಯಲ್ಲಿ ಒಬ್ಬನ ಗಾಡಿ ಇದೆ. ಅವನ ಮಿರ್ಚಿಯನ್ನು ಇಡಿಯಾಗಿ ಬಾಯಿಗಿಟ್ಟು ಕಡಿಯುತ್ತಿದ್ದ ನಾನು ಈಗೀಗ ಅದನ್ನು ಚೂರು ಮಾಡಿ, ಊದಿ ಊದಿ, ಅಂಗನವಾಡಿ ಮಕ್ಕಳ ಹಾಗೆ ತಿನ್ನಬೇಕಾಗಿತ್ತು. ಅವನನ್ನೇ ಹಿಡಿದುಕೊಂಡೆ. "ಏನಪಾ, ಮಿರ್ಚಿ ಭಾಳ ದಪ್ಪ ಮಾಡಾಕ ಹತ್ತೀಯಲ್ಲ? ಬಾಯಾಗ ಹಿಡಸವಲ್ಲವು." ಅವನು ಕರಿಯುವ ಜಾರಿ ಸೌಟು ಕೆಳಗಿಟ್ಟು, "ಅದ ಮೆಣಸಿನಕಾಯಿ, ಅದ ಕಡ್ಲಿಹಿಟ್ಟು, ಅದ ಕೈ ಐತ್ರಿ ಕಾಕಾ. ನಿಮ್ಮ ಬಾಯಿ ಸಣ್ಣದಾತೇನ ಮತ್ತ?" ಎಂದ. ಗಾಡಿಯ ಸುತ್ತ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ನನ್ನ ಬಾಯಿ ಸಣ್ಣದು ಎಂದರೆ ಬೆಟಗೇರಿಯಲ್ಲಿ ಯಾರಾದರೂ ನಗಬೇಕಾದ ಮಾತೇ. ಆದರೆ ಆ ಇಡೀ ವರ್ಷ ನನ್ನ ಬಗ್ಗೆ ಯಾರಾದರೂ ಹೇಳಿದ ಖರೆ ಮಾತು ಅದೊಂದೇ ಆಗಿತ್ತು.

ಎಡಗಲ್ಲದ ಒಳಗೆ ನಾಲಗೆಗೆ ಒರಟು ಜಾಗವೊಂದು ಹತ್ತುತ್ತಿತ್ತು, ಅದೂ ಖರೆ. ಆದರೆ ನೋವಿರಲಿಲ್ಲ. ನೋವಿಲ್ಲದ ಮೇಲೆ ರೋಗವೆಲ್ಲಿಂದ ಬಂತು? ಇನ್ನು ಹಲ್ಲಿನ ಡಾಕ್ಟರೆಂದರೆ ಹಲ್ಲು ಕೀಳುವವರು. ಹಲ್ಲುನೋವಿಲ್ಲದೆ ಅವರ ಹತ್ತಿರ ಹೋಗುವುದೆಂದರೆ, ಯಾರೂ ಸಾಯದೆ ಮಣ್ಣಿಗೆ ಹೋದ ಹಾಗೆ ಎಂಬುದು ನಮ್ಮ ಓಣಿಯ ತಿಳಿವಳಿಕೆ. ಆ ತಿಳಿವಳಿಕೆಯನ್ನು ಓಣಿಗೆ ಹೆಚ್ಚಾಗಿ ಹಂಚಿದವನು ನಾನೇ.

ಹೀಗಿರುವಾಗ ಸರೋಜಾಳ ತಮ್ಮ ಫಕ್ಕೀರಪ್ಪನಿಗೆ ದವಡೆ ಹಲ್ಲು ನೋವೆದ್ದಿತು. ಅವನು ಅಡರಕಟ್ಟಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾನೆ. ಊದಿದ ಗಲ್ಲಕ್ಕೆ ಟವೆಲ್ಲು ಕಟ್ಟಿಕೊಂಡು, ಲಕ್ಷ್ಮೇಶ್ವರದಲ್ಲಿ ಬಸ್ಸು ಹತ್ತಿ, ನೆಟ್ಟಗೆ ನಮ್ಮ ಮನೆಗೆ ಬಂದ. ಲಕ್ಷ್ಮೇಶ್ವರದಲ್ಲಿ ಹಲ್ಲಿನ ಡಾಕ್ಟರಿಲ್ಲವೇ ಎಂದು ನೀವು ಕೇಳಬಹುದು. ಇದ್ದಾರೆ. ಆದರೆ ಅಲ್ಲಿ ನಾನಿಲ್ಲವಲ್ಲ. ಅವನನ್ನು ಆಟೋದಲ್ಲಿ ಕೂರಿಸಿಕೊಂಡು ಗದಗಿನ ಹಲ್ಲಿನ ದವಾಖಾನೆಗೆ ಹೋದೆ. ದಾರಿಯುದ್ದಕ್ಕೂ ತಾಕೀತು ಮಾಡಿದೆ. "ನೀ ಸುಮ್ನ ಕುಂಡ್ರು. ಡಾಕ್ಟರ ಮುಂದ ಎಲ್ಲಾ ನಾ ಹೇಳ್ತೀನಿ." ಅವನು ಟವೆಲ್ಲಿನೊಳಗಿಂದ ತಲೆಯಾಡಿಸಿದ.

ಡಾಕ್ಟರ ಹೆಸರು ರುಬೀನಾ. ಮುಂಡರಗಿಯ ಕಾಳಿನ ವ್ಯಾಪಾರಿಯೊಬ್ಬರ ಮಗಳು. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವರಿರಬಹುದು. ಫಕ್ಕೀರಪ್ಪನನ್ನು ಉದ್ದನೆಯ ಕುರ್ಚಿಯಲ್ಲಿ ಮಲಗಿಸಿ, "ಎಷ್ಟ ದಿನ ಆತ್ರಿ ಬ್ಯಾನಿ?" ಎಂದು ಕೇಳಿದರು.

"ಎಂಟ ದಿನ ಆತ್ರಿ," ಎಂದೆ ನಾನು.

"ಹ್ಯಾಂಗ ಬರ್ತೈತಿ?"

"ಸುತಗಿ ತಗೊಂಡು ಬಡದಂಗ ಬರ್ತೈತ್ರಿ," ಎಂದವನೂ ನಾನೇ.

"ತಂಬಾಕ ಹಾಕ್ತಾರೇನು?"

"ಹಾಕ್ತಾನ್ರಿ! ಹೊಲದಾಗ ಇಡೀ ದಿನ ಅದ ಕೆಲಸ. ನಾ ಹೇಳಿ ಹೇಳಿ ಸಾಕಾಗೇನ್ರಿ ಮೇಡಂ. ನೀವರ ಬುದ್ಧಿ ಹೇಳ್ರಿ. ಬಾಯಿ ಕ್ಯಾನ್ಸರ್ ಅಂದ್ರ ಏನು ಸಣ್ಣ ಮಾತೇನ್ರಿ?" ಎಂದು ಎದ್ದು ನಿಂತು ಭಾಷಣವನ್ನೇ ಶುರು ಮಾಡಿದೆ. ಹೇಳಬೇಕೆಂದರೆ, ಆಗಲೂ ನನ್ನ ಎಡಗಲ್ಲದಲ್ಲಿ ಅರ್ಧ ಅಡಿಕೆ ಇತ್ತು. ಬಾಯಿ ತುಂಬ ಸಾಮಾನು ಇಟ್ಟುಕೊಂಡು ಮಲಗಿದ್ದ ಫಕ್ಕೀರಪ್ಪ ಕಣ್ಣಿನಿಂದಲೇ ನನ್ನನ್ನು ತಿನ್ನುವ ಹಾಗೆ ನೋಡಿದ.

ಡಾಕ್ಟರು ಬರೀ ಹಲ್ಲು ನೋಡಿ ಬಿಡಲಿಲ್ಲ. ನಾಲಗೆ ಎತ್ತಿಸಿ ಕೆಳಗೆ ನೋಡಿದರು, ಗಲ್ಲ ಹಿಗ್ಗಿಸಿ ಒಳಗೆ ನೋಡಿದರು, ತುಟಿ ಮಗುಚಿ ನೋಡಿದರು, ಕೊರಳಲ್ಲಿ ಎಲ್ಲಾದರೂ ಗಂಟಿದೆಯೇ ಎಂದು ಬೆರಳಾಡಿಸಿದರು. ಒಂದು ಮೂಲೆ ಬಿಡಲಿಲ್ಲ. ಒಳ್ಳೆಯ ಕೆಲಸಗಾರರು ಕಂಡರೆ ನನಗೆ ತಿಳಿಯುತ್ತದೆ. ಮನಸ್ಸಿನಲ್ಲೇ ಪಾಸು ಮಾಡಿದೆ. ಕಡೆಗೆ ಅವರು, "ಒಂದ ಹಲ್ಲು ಹುಳುಕಾಗೇತ್ರಿ ಅಣ್ಣಾರ, ಅದನ್ನ ತುಂಬೂಣು. ಬಾಯಿ ಮಾತ್ರ ಸ್ವಚ್ಛ ಐತಿ. ತಂಬಾಕ ಈಗ ಬಿಟ್ರ ಸ್ವಚ್ಛ ಉಳಿತೈತಿ," ಎಂದರು. ನನಗೆ ಬೇಸರವಾಯಿತು. ಅಷ್ಟು ದೊಡ್ಡ ಭಾಷಣ ಮಾಡಿದ ಮೇಲೆ ಅವನ ಬಾಯಿ ಸ್ವಚ್ಛವಿದೆಯೆಂದರೆ ನನ್ನ ಮಾತಿನ ಬೆಲೆ ಏನು ಉಳಿಯಿತು?

"ಇನ್ನೊಮ್ಮೆ ಸರಿಯಾಗಿ ನೋಡ್ರಿ ಮೇಡಂ," ಎಂದೆ.

ಅವರು ಫಕ್ಕೀರಪ್ಪನನ್ನು ಬಿಟ್ಟು ನನ್ನನ್ನು ನೋಡಿದರು. "ಕಾಕಾ, ಅವಾಗಿಂದ ನೋಡಾಕ ಹತ್ತೀನಿ. ಇಷ್ಟ ಮಾತಾಡಿದ್ರೂ ನಿಮ್ಮ ಬಾಯಿ ಪೂರಾ ತಗಿಯವಲ್ಲದು. ಮೂರು ಬೆರಳು ಕೂಡಿಸಿ, ಒಂದರ ಮ್ಯಾಲೊಂದು ಬರೂಹಂಗ ಹಿಡದು ಬಾಯಾಗ ಇಡ್ರಿ ನೋಡೂಣು."

ಇದೇನು ಮಹಾ ಎಂದುಕೊಂಡು, ಅಡಿಕೆಯನ್ನು ಹೊರಗೆ ಉಗುಳಿ ಬಂದು, ಬೆರಳು ಇಟ್ಟೆ. ಒಂದು ಹೋಯಿತು. ಎರಡು ಹೋದವು. ಮೂರನೆಯದು ಮುಂದಿನ ಹಲ್ಲಿಗೆ ಬಡಿದು ನಿಂತಿತು. ಒತ್ತಿದೆ, ತಿರುಗಿಸಿದೆ, ದವಡೆಯಲ್ಲಿ ಹಗ್ಗ ಬಿಗಿದ ಹಾಗಾಯಿತೇ ಹೊರತು ಬಾಗಿಲು ತೆರೆಯಲಿಲ್ಲ.

"ಬೆರಳು ದಪ್ಪ ಅದಾವ್ರಿ ನನ್ನವು," ಎಂದೆ.

ಫಕ್ಕೀರಪ್ಪ ಕುರ್ಚಿಯಲ್ಲಿ ಎದ್ದು ಕುಳಿತ. ಊದಿದ ಗಲ್ಲವನ್ನೂ ಲೆಕ್ಕಿಸದೆ, ನೇಗಿಲು ಹಿಡಿದು ನನ್ನದಕ್ಕಿಂತ ಎರಡು ಪಟ್ಟು ದಪ್ಪವಾದ ತನ್ನ ಮೂರು ಬೆರಳುಗಳನ್ನು ಬಾಯೊಳಗಿಟ್ಟು ತೋರಿಸಿ, ಹೊರಗೆ ತೆಗೆದು, "ನನ್ನವು ಹೊಕ್ಕಾವ ನೋಡ್ರಿ ಮಾವಾರ," ಎಂದ.

ಆಮೇಲೆ ನಾನು ಮಲಗಿದೆ, ಅವನು ಸ್ಟೂಲಿನ ಮೇಲೆ ಕುಳಿತ. ಆ ಕುರ್ಚಿಯಲ್ಲಿ ಮಲಗಿದ ಮೇಲೆಯೇ ಹಲ್ಲಿನ ಡಾಕ್ಟರುಗಳು ಎಷ್ಟು ಜಾಣರು ಎಂಬುದು ತಿಳಿದದ್ದು. ಬಾಯಲ್ಲಿ ಕನ್ನಡಿ, ಹತ್ತಿ, ಜೊಲ್ಲು ಎಳೆಯುವ ಕೊಳವೆ ಎಲ್ಲ ಇಟ್ಟ ಮೇಲೆ ಪ್ರಶ್ನೆ ಕೇಳುತ್ತಾರೆ. ಉತ್ತರ ಹೇಳಲು ಭಾವಮೈದುನನಿಗೆ ಬಾಯಿ ತೆರಪಾಗಿತ್ತು. "ಎಲಿ ಅಡಿಕಿ ಚಂಚಿ ಕೈ ಬಿಟ್ಟು ಇಳಿಯೂದ ಇಲ್ರಿ. ನಿದ್ದಿ ಮಾಡುವಾಗ ಅಷ್ಟ ಬಾಯಿ ಖಾಲಿ. ತಂಬಾಕನೂ ಹಾಕ್ತಾರ. ಊಟಕ್ಕ ಕುಂತ್ರ ಖಾರ ಆತಂತ ನಮ್ಮ ಅಕ್ಕನ ಜೀವಾ ತಿಂತಾರ," ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ನನಗೇ ಗೊತ್ತಿಲ್ಲದ ವಿವರಗಳೂ ಅದರಲ್ಲಿದ್ದವು. ಇಷ್ಟು ಚೆನ್ನಾಗಿ ಹೇಳುವುದನ್ನು ಅವನು ಎಲ್ಲಿ ಕಲಿತನೋ!

"ಎಡಗಡೆ ಇಟ್ಕೋತೀರಲ್ಲ ಕಾಕಾ?" ಎಂದು ಡಾಕ್ಟರು ಕೇಳಿದರು. ಯಾರೂ ಅವರಿಗೆ ಹೇಳಿರಲಿಲ್ಲ. ಕೈಗೊಂದು ಕನ್ನಡಿ ಕೊಟ್ಟು, ಗಲ್ಲ ಹಿಗ್ಗಿಸಿ ಹಿಡಿದರು. ನೋಡಿದೆ. ಕೆಂಪಗಿರಬೇಕಾದ ಗಲ್ಲದ ಒಳಮೈ ಬೂದಿ ಬಣ್ಣಕ್ಕೆ ತಿರುಗಿತ್ತು. ನಡುವೆ ಹುಣಸೆಬೀಜದಷ್ಟು ಬಿಳಿಯ ಕಲೆ. ಅಂಚಿಗೆ ಸ್ವಲ್ಪ ಕೆಂಪು. ಸೀರೆಯಲ್ಲಿ ಇಂಥದ್ದೊಂದು ಕಂಡಿದ್ದರೆ ಬಾಗಿಲಿನಿಂದಲೇ ವಾಪಸು ಕಳಿಸುತ್ತಿದ್ದೆ.

"ಖಾರ ಅಡಗ್ಯಾಗ ಇಲ್ರಿ ಕಾಕಾ," ಎಂದು ಅವರು ಸಮಾಧಾನದಿಂದ ಹೇಳಿದರು. "ಅಡಿಕಿ ತಿಂದು ತಿಂದು ಬಾಯಿ ಒಳಗಿನ ಚರ್ಮ ಬಿಗದೈತಿ. ಅದಕ್ಕ ಉರಿತೈತಿ, ಅದಕ್ಕ ಬಾಯಿ ತಗಿಯವಲ್ಲದು. ಈ ಬಿಳೇ ಕಲಿ ನೋಡಿದ್ರ ನನಗ ಸಮಾಧಾನ ಇಲ್ಲ. ಒಂದ ಚೂರು ತಗದು ಪರೀಕ್ಷಾಕ್ಕ ಕಳಸೂಣು."

"ಬ್ಯಾನೀನ ಇಲ್ರಲ್ಲ ಅದು?"

"ಮೊದಲಿಗೆ ಬ್ಯಾನಿ ಇರೂದ ಇಲ್ರಿ. ಮಂದಿ ಅದಕ್ಕ ಮೋಸ ಹೋಗೂದು. ಬಾಯಾಗಿನ ಗಾಯ ಎರಡ ವಾರದಾಗ ಮಾಯಲಿಲ್ಲ, ಬಿಳಿ ಇಲ್ಲಾ ಕೆಂಪು ಕಲಿ ಬಂತು, ಬಾಯಿ ತಗಿಯವಲ್ಲದು ಅಂದ್ರ ಬ್ಯಾನಿ ಬರೂತನಕ ಕಾಯಬಾರದು. ಆರ ತಿಂಗಳಿಗೊಮ್ಮೆ ಸುಮ್ನ ಬಂದು ತೋರಿಸಿದ್ರ ನಾವ ನೋಡಿ ಹೇಳ್ತೀವಿ."

ನನಗೆ ಇನ್ನೂ ಒಂದು ದಾರಿ ಕಂಡಿತು. "ನಾ ಗುಟ್ಕಾ ಮುಟ್ಟೂದಿಲ್ರಿ ಮೇಡಂ. ಶುದ್ಧ ಅಡಿಕಿ. ದೇವರ ಮುಂದ ಇಡೂದ್ರಿ ಅದು."

"ದೇವರು ಅಗಿಯೂದಿಲ್ರಿ ಕಾಕಾ," ಎಂದರು ರುಬೀನಾ ಡಾಕ್ಟರು. ಸೂಜಿ ಕೈಗೆತ್ತಿಕೊಂಡರು.

ಫಲಿತಾಂಶಕ್ಕೆ ಎಂಟು ದಿನ. ಹೆದರಿದೆ. ಸುಳ್ಳು ಯಾಕೆ ಹೇಳಲಿ, ಬಹಳ ಹೆದರಿದೆ. ನಮ್ಮ ಓಣಿಯ ನೇಕಾರರೊಬ್ಬರು ಬಾಯಲ್ಲಿನ ಹುಣ್ಣನ್ನು ಉಷ್ಣ ಎಂದುಕೊಂಡು ಮಜ್ಜಿಗೆ ಕುಡಿಯುತ್ತಾ ಕುಳಿತಿದ್ದರು. ನುಂಗಲು ಬಾರದಾದ ಮೇಲೆ ಅವರನ್ನು ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದವನು ನಾನೇ. "ಆರ ತಿಂಗಳ ಮೊದಲ ಬಂದಿದ್ರ ಉಳಸ್ತಿದ್ವಿ," ಎಂದು ಅಲ್ಲಿಯ ಡಾಕ್ಟರು ಹೇಳಿದ ಮಾತನ್ನು ಬೆಟಗೇರಿಯ ಪ್ರತಿಯೊಂದು ಕಟ್ಟೆಯ ಮೇಲೂ ನಿಂತು ಹೇಳಿದ್ದೆ. ನನಗೊಬ್ಬನಿಗೆ ಹೇಳಿಕೊಂಡಿರಲಿಲ್ಲ. ಈಗ ಅವರ ಮುಖ ಕಣ್ಣ ಮುಂದೆ ಬರತೊಡಗಿತು. ಸಂಘದಲ್ಲಿ ಆ ಎಂಟು ದಿನ ನೇಕಾರರಿಗೆ ಹಬ್ಬ. ಸೀರೆ ಬಿಚ್ಚುತ್ತಿದ್ದೆ, ನೋಡುತ್ತಿದ್ದೆ, ಏನೂ ಕಾಣದೆ ಪಾಸು ಎನ್ನುತ್ತಿದ್ದೆ. ಎಡಗೈ ತನ್ನಷ್ಟಕ್ಕೆ ತಾನೇ ಅಂಗಿಯ ಕಿಸೆಗೆ ಹೋಗಿ ಚಂಚಿ ಹುಡುಕುತ್ತಿತ್ತು. ಚಂಚಿಯನ್ನು ಮೊದಲನೆಯ ದಿನವೇ ಸರೋಜಾ ಒಲೆಗೆ ಹಾಕಿದ್ದಳು. ಕಿಸೆಯಲ್ಲಿ ಅವಳು ಇಟ್ಟ ಬಡೇಸೋಪು, ಅಂದರೆ ಸೋಂಪಿನ ಕಾಳು, ಸಿಗುತ್ತಿತ್ತು. ಅದನ್ನು ಅಗಿದರೆ ಮದುವೆ ಮುಗಿದ ಮೇಲೆ ಮಂಟಪಕ್ಕೆ ಹೋದ ಹಾಗೆ ಅನಿಸುತ್ತಿತ್ತು. ಆದರೆ ಅಗಿದೆ. ಅಡಿಕೆ ಮುಟ್ಟಲಿಲ್ಲ. ಮನಸ್ಸು ಮಾಡಿದರೆ ನಾನು ಗಟ್ಟಿ ಮನುಷ್ಯ. ಮನಸ್ಸು ಮಾಡಲು ನಲವತ್ತು ವರ್ಷ ಬೇಕಾದವು, ಅಷ್ಟೇ.

ಸರೋಜಾ ಖಾರದ ವಿಷಯ ಒಂದು ಮಾತೂ ಎತ್ತಲಿಲ್ಲ. ಹಾಲಲ್ಲಿ ರೊಟ್ಟಿ ನೆನೆಸಿ ಮುಂದೆ ಇಡುತ್ತಿದ್ದಳು. ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಮೂರನೆಯ ದಿನ ನನಗೇ ತಡೆಯಲಾಗಲಿಲ್ಲ. "ಒಂದ ವರ್ಷ ಸುಮ್ಮನ ನಿನ್ನ ಬೈದೆ. ತಪ್ಪು ನಂದ ಆತು," ಎಂದೆ. ಅವಳು, "ಗೊತ್ತಾತಲ್ಲ, ಉಣ್ರಿ," ಎಂದಳು. ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಅಳುತ್ತಿದ್ದಳು ಎಂದು ನನಗೆ ಗೊತ್ತಾಯಿತು. ಹಾಲಲ್ಲಿ ನೆನೆದ ರೊಟ್ಟಿಯನ್ನು ಒಂದು ಚೂರೂ ಬಿಡದೆ ಉಂಡು, ತಾಟನ್ನು ನಾನೇ ತೊಳೆದಿಟ್ಟೆ.

ಎಂಟನೆಯ ದಿನ ಒಬ್ಬನೇ ಹೋಗಿ ಬರುತ್ತೇನೆಂದೆ. ಸರೋಜಾ ಚಪ್ಪಲಿ ಮೆಟ್ಟಿಕೊಂಡು ಆಗಲೇ ಬಾಗಿಲಲ್ಲಿ ನಿಂತಿದ್ದಳು. ದವಾಖಾನೆಯಲ್ಲಿ ಡಾಕ್ಟರು ಕಾಗದ ಬಿಚ್ಚಿ ಓದುವಾಗ ನಾನು ಅವರ ಮುಖ ನೋಡಿದೆ, ಸರೋಜಾ ನನ್ನ ತೋಳು ಹಿಡಿದುಕೊಂಡಳು.

"ಕ್ಯಾನ್ಸರ್ ಇಲ್ರಿ ಕಾಕಾ," ಎಂದರು ಡಾಕ್ಟರು. "ಆದ್ರ ಆ ದಾರಿ ಹಿಡದಿತ್ತು. ಜಲ್ದಿ ಸಿಕ್ಕೈತಿ. ಅಡಿಕಿ, ತಂಬಾಕ ಎರಡೂ ಜನ್ಮಕ್ಕ ಬಂದ್. ಬಾಯಿ ತಗಿಯಾಕ ವ್ಯಾಯಾಮ ಹೇಳಿಕೊಡ್ತೀನಿ, ದಿನಾ ಮಾಡ್ಬೇಕು. ಮೂರ ತಿಂಗಳಿಗೊಮ್ಮೆ ಬಂದು ತೋರಿಸೂದು ತಪ್ಪಿಸಬಾರದು."

ಹೋದ ಜೀವ ಮರಳಿ ಬಂತು. ಜೀವದ ಹಿಂದೆಯೇ ಮಾತೂ ಬಂತು. ಇನ್ನು ಮುಂದೆ ಬೆಟಗೇರಿಯ ಒಂದೊಂದು ಮಗ್ಗದಿಂದ ಒಬ್ಬೊಬ್ಬರನ್ನು ಎಬ್ಬಿಸಿ ತರುತ್ತೇನೆ, ಶಿರಹಟ್ಟಿಯ ಬೀಗರನ್ನೂ ಬಿಡುವುದಿಲ್ಲ, ಮೂರು ಬೆರಳು ಹಿಡಿಸದವರನ್ನು ಹೆಗಲ ಮೇಲೆ ಹೊತ್ತು ತರುತ್ತೇನೆ ಎಂದು ಡಾಕ್ಟರಿಗೆ ಮಾತು ಕೊಟ್ಟೆ. ಅವರು ನಕ್ಕು, ಸರೋಜಾಳನ್ನು ತೋರಿಸಿ, "ಊರ ಮಂದಿ ಇರ್ಲಿ ಕಾಕಾ. ಮೊದಲ ಕಾಕೂದು ನೋಡೂಣೇನು?" ಎಂದರು.

"ಅಕಿಗೇನೂ ಇಲ್ರಿ ಮೇಡಂ. ಎಲಿ ಅಡಿಕಿ ಮುಟ್ಟೂದ ಇಲ್ಲ ಅಕಿ. ಬಾಯಿ ಬಂಗಾರ," ಎಂದು ನಾನು ಎಂದಿನ ಹಾಗೆ ಉತ್ತರ ಕೊಟ್ಟೆ. ಅಷ್ಟರಲ್ಲಿ ಸರೋಜಾ ಕುರ್ಚಿ ಹತ್ತಿ ಕುಳಿತಾಗಿತ್ತು. ಡಾಕ್ಟರು ಕೆಳತುಟಿ ಸರಿಸಿ ನೋಡಿದರು. ಒಸಡಿನ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಕಾಕೂ ತಪಕೀರ ತಿಕ್ಕಾಕ ಹತ್ತಿ ಎಷ್ಟ ವರ್ಷ ಆತ್ರಿ?" ಎಂದು ಕೇಳಿದರು.

ತಪಕೀರ ಎಂದರೆ ನಶ್ಯ, ತಂಬಾಕಿನ ಪುಡಿ. ನಮ್ಮ ಕಡೆ ಎಷ್ಟೋ ಹೆಂಗಸರು ಬೆಳಿಗ್ಗೆದ್ದು ಅದನ್ನು ಒಸಡಿಗೆ ತಿಕ್ಕುತ್ತಾರೆ. ನಾನು ನಗಲು ಬಾಯಿ ತೆರೆದೆ. ಸರೋಜಾ ನಗಲಿಲ್ಲ.

"ಮೂವತ್ತೆರಡ ವರ್ಷ ಆತ್ರಿ," ಎಂದಳು ಅವಳು, ಡಾಕ್ಟರ ಕಡೆಗೇ ನೋಡುತ್ತಾ. "ಮಗಳು ಹೊಟ್ಟ್ಯಾಗ ಇದ್ದಾಗ ಹಲ್ಲ ಬ್ಯಾನಿ ಎದ್ದಿತ್ತು. ದವಾಖಾನಿಗೆ ಕರಕೊಂಡು ಹೋಗಾಕ ಇವರು ಮನ್ಯಾಗ ಇರ್ಲಿಲ್ಲ. ಹರ್ತಿ ಊರಿನ ಯಾರಿಗೋ ಕಣ್ಣ ತೋರಸಾಕ ಹುಬ್ಬಳ್ಳಿಗೆ ಹೋಗಿದ್ರು. ನಮ್ಮತ್ತಿ ಒಂದ ಚಿಟಿಕಿ ತಪಕೀರ ಕೊಟ್ಟು ತಿಕ್ಕು ಅಂದ್ರು. ಬ್ಯಾನಿ ಹೋತು, ತಪಕೀರ ಉಳೀತು."

ಹರ್ತಿಯವರ ಕಣ್ಣಿನ ಪೊರೆ ಎಡಗಣ್ಣಿನದೋ ಬಲಗಣ್ಣಿನದೋ, ಆ ಡಾಕ್ಟರು ಏನು ಹೇಳಿದರು, ಯಾವ ಬಸ್ಸಿಗೆ ಬಂದೆವು, ಎಲ್ಲವೂ ನನಗೆ ಇವತ್ತಿಗೂ ನೆನಪಿದೆ. ಮನೆಗೆ ಬಂದಾಗ ಸರೋಜಾಳ ಗಲ್ಲ ಊದಿತ್ತೇ ಎಂಬುದು ಮಾತ್ರ ಎಷ್ಟು ನೆನೆದರೂ ನೆನಪಾಗಲಿಲ್ಲ. ನಾಚಿಕೆಯಾಯಿತು. ಕಲೆ ಕಂಡ ದಿನವೂ ಇಷ್ಟು ಸಣ್ಣವನಾಗಿರಲಿಲ್ಲ.

ಡಾಕ್ಟರು ಎಲ್ಲ ನೋಡಿ ಮುಗಿಸಿ, ಗಾಯವೇನೂ ಇಲ್ಲ, ಒಸಡು ಸ್ವಲ್ಪ ಸರಿದಿದೆ, ತಪಕೀರ ಇವತ್ತೇ ಬಿಡಬೇಕು ಎಂದರು. "ಬಿಟ್ಟೆ," ಎಂದಳು ಸರೋಜಾ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟಷ್ಟು ಸುಲಭವಾಗಿ ಹೇಳಿದಳು. ಮೂರು ತಿಂಗಳ ನಂತರ ಇಬ್ಬರೂ ಒಂದೇ ದಿನ ಬರಬೇಕೆಂದು ಡಾಕ್ಟರು ಚೀಟಿಯಲ್ಲಿ ದಿನ ಬರೆದರು. "ನಾನ ಕರಕೊಂಡು ಬರ್ತೀನ್ರಿ ಮೇಡಂ," ಎಂದು ನಾನು ಕೈ ಚಾಚಿದೆ. ಸರೋಜಾ ಚೀಟಿ ಇಸಿದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು.

"ಚೀಟಿ ನನ್ನ ಕಡೆ ಇರ್ಲಿ," ಎಂದಳು. "ಇವರು ಅವತ್ತ ಮತ್ಯಾರನ್ನರ ಕರಕೊಂಡು ಹೋಗಿರ್ತಾರ."